ಹಿಮ್ಮೇಳದ ಭೀಮವ್ವ

ಯಾದಗಿರಿಯ ಆ ಸಭಾಭವನದಲ್ಲಿ ನಾನು ಹಾರ್ಮೋನಿಯಂ ಪೇಟಿಯ ಮೇಲೆ ಪದದ ಮೊದಲ ಸಾಲು ಬಾರಿಸಿದೆ. ಭೀಮವ್ವ ಬಾಯಿ ತೆರೆಯಲಿಲ್ಲ. ಹೊಸ ಜಾಗ, ಹೆದರಿರಬೇಕು ಎಂದು ಅದೇ ಸಾಲನ್ನು ಇನ್ನೊಮ್ಮೆ ಬಾರಿಸಿದೆ. ಊಹೂಂ. ಅವಳು ಮೈಕನ್ನೇ ನೋಡುತ್ತ ಕುಳಿತಿದ್ದಳು, ಮೈಕೇ ಏನಾದರೂ ಹೇಳೀತು ಎನ್ನುವ ಹಾಗೆ. ಮತ್ತೆ ಬಾರಿಸಿದೆ, ಮತ್ತೂ ಬಾರಿಸಿದೆ. ಮುಂದಿನ ಕುರ್ಚಿಗಳಲ್ಲಿದ್ದ ಮಹಿಳಾ ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಬಲಾದ ಮೇಲೆ ಕೈಯಿಟ್ಟು ಕಾಯುತ್ತಿದ್ದ ನಸೀರುದ್ದೀನ, "ವೈನಿ, ಪೇಟಿ ಹರದೀತು, ಸಾಕ್ ಮಾಡ್ರಿ" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ನಿರೂಪಣೆ ಮಾಡುವ ಹುಡುಗಿ ನಗುನಗುತ್ತ ಬಂದು ಮುಂದಿನ ಕಾರ್ಯಕ್ರಮ ಕೋಲಾಟ ಎಂದು ಹೇಳಿಯೇ ಬಿಟ್ಟಳು.

ನನ್ನ ಮೈಯೆಲ್ಲ ಉರಿದುಹೋಯಿತು. ಹೆದರಿ ತಪ್ಪು ಹಾಡಿದ್ದರೆ ಕ್ಷಮಿಸುತ್ತಿದ್ದೆ. ಅಪಶ್ರುತಿ ಹಾಡಿದ್ದರೂ ನುಂಗಿಕೊಳ್ಳುತ್ತಿದ್ದೆ. ಹಾಡಲೇ ಇಲ್ಲವಲ್ಲ! ವನದುರ್ಗಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅವಳ ಪಕ್ಕ ಕುಳಿತು ಕೇಳಿಯೇ ಬಿಟ್ಟೆ.

"ಏನಾಗಿತ್ತವ್ವ ನಿಂಗ? ಯಾಕ ಬಾಯಿ ಬಿಡಲಿಲ್ಲ?"

"ಯಾರೂ ಹೇಳ್ಲಿಲ್ಲಲ್ರಿ ಅಕ್ಕಾರ."

"ಯಾರ್ ಹೇಳಬೇಕು? ಹೇಳಾಕಿ ನೀನೇ ಅಲ್ಲೇನ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಈ ಭೀಮವ್ವ ಯಾರು ಎಂದು ಹೇಳುತ್ತೇನೆ. ಕಕ್ಕೇರಾದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಸುಗ್ಗಿಯಲ್ಲಿ ಹಗಲೆಲ್ಲ ಹತ್ತಿ ಬಿಡಿಸುವ ಕೂಲಿ. ಅದಕ್ಕೂ ಮುಂಚೆ ಬೆಳಿಗ್ಗೆ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದು ಶಹಾಪುರದ ಖಾನಾವಳಿಗೆ ಕಳಿಸುತ್ತಾಳೆ. ನಮ್ಮ ಕಿರಾಣಿ ಅಂಗಡಿ ಅವಳ ಮನೆಯ ಎದುರಿಗೇ ಇದೆ. ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತೆಂದರೆ ಅದರ ಮೇಲೆ ಅವಳ ಹಾಡೂ ಶುರು. ಆ ಧ್ವನಿ ಹೇಗಿದೆ ಎಂದು ನಾನು ಹೇಳಲು ಹೋಗುವುದಿಲ್ಲ. ಬೀಡಿ ಕೊಳ್ಳಲು ಬಂದ ಗಂಡಸರು ಬೀಡಿ ಹಚ್ಚುವುದನ್ನೇ ಮರೆತು ನಮ್ಮ ಕಟ್ಟೆಯ ಮೇಲೆ ನಿಂತುಬಿಡುತ್ತಾರೆ. ಇಷ್ಟು ಹೇಳಿದರೆ ಸಾಕು.

ನಮ್ಮೂರಿನ ಹೆಣ್ಣುಮಕ್ಕಳ ಭಜನಾ ಮೇಳ ಕಟ್ಟಿದವಳು ದೇವಕ್ಕ. ನನ್ನ ಗಂಡನ ಮನೆತನದವಳೇ, ವಯಸ್ಸಿನಲ್ಲಿ ದೊಡ್ಡವಳು, ಬಾಯಿ ಇನ್ನೂ ದೊಡ್ಡದು. ನಾನು ತವರಿನಲ್ಲಿ ಪೇಟಿ ಕಲಿತವಳು ಎಂದು ಗೊತ್ತಾದ ದಿನವೇ ನನ್ನನ್ನು ಎಳೆದು ಕೂರಿಸಿದಳು. ತಬಲಾ ಬಾರಿಸುವ ಹೆಣ್ಣುಮಗಳು ಸಿಗಲಿಲ್ಲವೆಂದು ಟೇಲರ್ ನಸೀರುದ್ದೀನನನ್ನು ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿಕೊಂಡು ಬಂದಳು. ಭೀಮವ್ವನ ಧ್ವನಿ ಅವಳ ಕಿವಿಗೆ ಬಿದ್ದದ್ದೂ ರೊಟ್ಟಿಯ ಸಪ್ಪಳದ ಜೊತೆಗೇ. ಭೀಮವ್ವನ ಅತ್ತೆ ಕೂಲಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಸೊಸೆಯನ್ನು ಹೊಸ್ತಿಲು ದಾಟಿಸುವವಳಲ್ಲ. ದೇವಕ್ಕ ಅವಳ ಅಂಗಳದಲ್ಲಿ ನಿಂತು, "ದೇವರ ಕೆಲಸಕ್ಕ ಕಳಸ್ತೀಯೋ, ಇಲ್ಲ ನಾ ಇಲ್ಲೇ ಕುಂತು ಭಜನಿ ಮಾಡ್ಲೋ?" ಎಂದಳಂತೆ. ಅಂದಿನಿಂದ ಭೀಮವ್ವನಿಗೆ ಮನೆಯಿಂದ ಹೊರಗೆ ಹಾಡಲು ಪರವಾನಗಿ ಸಿಕ್ಕಿತು. ಅದೂ ಮೇಳದ ಜೊತೆ ಮಾತ್ರ. ಅತ್ತೆ ಹೋದ ಮೇಲೆ ಗಂಡ, ಈಗ ಮಗ, ಎಲ್ಲರದೂ ಅದೇ ಕಾಯಿದೆ.

ನಮ್ಮ ಮೇಳದಲ್ಲಿ ಹಾಡುವ ರೀತಿ ಹೀಗೆ. ದೇವಕ್ಕ ಮುಂದೆ ಕುಳಿತು ಒಂದು ಸಾಲು ಹೇಳುತ್ತಾಳೆ. ಹಿಂದೆ ಕುಳಿತ ಹಿಮ್ಮೇಳ ಅದನ್ನೇ ತಿರುಗಿ ಅನ್ನುತ್ತದೆ. ಕಲಿಯುವುದೂ ಹಾಗೆಯೇ, ಬೇರೆ ಪಾಠವಿಲ್ಲ. ಹಿಮ್ಮೇಳ ಎಂದರೆ ಭೀಮವ್ವ, ಉಳಿದವರು ಅವಳ ಬೆನ್ನಿಗಿದ್ದವರು. ಅವಳಿಗೆ ನಮ್ಮ ಮೇಳದ ಎಲ್ಲ ಪದಗಳೂ ಬರುತ್ತವೆ. ಆದರೆ ಎಲ್ಲವೂ ಎರಡನೆಯ ಸಲದಿಂದ ಬರುತ್ತವೆ. ಮೊದಲ ಸಲ ಅವಳ ಕಿವಿಯದು, ಬಾಯಿಯದಲ್ಲ. ಇನ್ನೊಂದು ಕಟ್ಟುನಿಟ್ಟು ಇದೆ. ಪದ ಕಟ್ಟಿದವರ ಗುರುವಿನ ಹೆಸರು ಬರುವ ಕೊನೆಯ ಸಾಲನ್ನು ಮುಂದೆ ಕುಳಿತವರು ಒಬ್ಬರೇ ಹೇಳಬೇಕು. ಆ ಸಾಲಿಗೆ ಹಿಮ್ಮೇಳದವರು ತಾಳ ಕೆಳಗಿಟ್ಟು, ಕೈ ಮುಗಿದು, ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಹೀಗಾಗಿ ಭೀಮವ್ವ ಒಂದು ಪದದ ಕೊನೆಯ ಸಾಲನ್ನೂ ಈ ಜನ್ಮದಲ್ಲಿ ಹಾಡಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಕೂಡ ಅಲ್ಲಿಗೆ ಬಂದು ನಿಲ್ಲಿಸಿಬಿಡುತ್ತಿದ್ದಳು. ಅವಳ ಸೊಸೆಗೆ ಈ ಪದಗಳು ಇರುವುದೇ ಅಷ್ಟು ಎಂಬ ತಿಳುವಳಿಕೆ.

ನೀನೇ ಮುಂದೆ ಕುಳಿತು ಹಾಡು ಎಂದು ಎಷ್ಟು ಜನ ಹೇಳಿದರು! ಅವಳದು ಒಂದೇ ಮಾತು. "ಅಕ್ಕ ಹೇಳ್ತಾಳ, ನಾ ಅಂತೀನಿ." ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಆದರೆ ದೇವಕ್ಕ ಗಟ್ಟಿಯಾಗಿ ಇರುವವರೆಗೆ ನಡೆಯಿತು.

ಹೋದ ಚಳಿಗಾಲದಲ್ಲಿ ದೇವಕ್ಕನ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯುತ್ತದೆ, ಧ್ವನಿಯ ಭರವಸೆ ಕೊಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರು ಹೇಳಿದಂತೆಯೇ ಆಯಿತು. ಓಣಿಯ ಆ ತುದಿಯಿಂದ ಈ ತುದಿಗೆ ಕೂಗಿ ಮೊಸರು ಕೇಳುತ್ತಿದ್ದ ಹೆಂಗಸಿಗೆ ಈಗ ಉಳಿದದ್ದು ಗಾಳಿಯಂಥ ಒಂದು ಪಿಸುಮಾತು. ಅಂದಿನಿಂದ ಅವಳು ಮೇಳದ ಕಡೆ ತಲೆ ಹಾಕಲಿಲ್ಲ. ತಾಳವನ್ನು ಕಪಾಟಿನೊಳಗೆ ಇಟ್ಟು ಚಿಲಕ ಹಾಕಿದಳು. ಹಿಮ್ಮೇಳದ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು, ಅದಕ್ಕೇ ಯಾದಗಿರಿಯಲ್ಲಿ ಭೀಮವ್ವನನ್ನು ಮುಂದೆ ಕೂರಿಸಿದ್ದು.

ಶಹಾಪುರದ ಒಂದು ಮಠದಲ್ಲಿ ಶ್ರಾವಣದ ಒಂದು ಸೋಮವಾರ ನಮ್ಮ ಮೇಳದ ಭಜನಾ ಸೇವೆ ಇರುತ್ತದೆ. ಬಹಳ ವರ್ಷದಿಂದ ನಡೆದು ಬಂದದ್ದು. ಅದೊಂದು ಸೇವೆಯ ನೆಪದಲ್ಲಿ ವರ್ಷವಿಡೀ ಗುರುವಾರದ ಗುರುವಾರ ನಾವು ಕೂಡುತ್ತಿದ್ದೆವು. ಮಠದ ಕಮಿಟಿಯ ಜಗದೇವಪ್ಪನವರು ಯಾದಗಿರಿಯ ಸುದ್ದಿ ಕೇಳಿ ನಮ್ಮ ಅಂಗಡಿಗೇ ಬಂದರು. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಮಾತು ತೆಗೆದರು.

"ನೋಡ್ರಿ ನಾಗರತ್ನಮ್ಮಾರ, ಸುರಪುರದ ಹುಡುಗೂರು ಕೀಬೋರ್ಡು, ಪ್ಯಾಡು ಎಲ್ಲಾ ಇಟ್ಕೊಂಡು ಕೇಳಾಕತ್ತಾರ. ನಿಮ್ಮ ಸೋಮವಾರ ಕೊಡ್ರಿ ಅಂತ."

"ನಮ್ಮ ಸೋಮವಾರ ಯಾಕ ಕೊಡಬೇಕ್ರಿ?"

"ದೇವಕ್ಕನ ಧ್ವನಿ ಹೋಗ್ಯಾದ. ಇನ್ನೊಬ್ಬಾಕಿ ಬಾಯೇ ಬಿಡಂಗಿಲ್ಲಂತ. ಈ ಸಲ ಬಂದು ಹಾಡಿ ತೋರಸ್ರಿ. ಆಗಲಿಲ್ಲಂದ್ರ ಅವರಿಗೆ ಹೇಳಿಬಿಡ್ತೀವಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರವಂತೆ! ಸೇವೆ ಹೋದರೆ ಗುರುವಾರ ಹೋಗುತ್ತದೆ. ಗುರುವಾರ ಹೋದರೆ ಮೇಳ ಹೋಗುತ್ತದೆ. ನಾನು ಅಂಗಡಿಯಲ್ಲಿ ಪೇಟಿ ಇಟ್ಟುಕೊಂಡು ಬಾರಿಸಬಹುದು. ನಸೀರುದ್ದೀನನನ್ನು ಮದುವೆಗಳಿಗೆ ಕರೆಯುವವರಿದ್ದಾರೆ. ಭೀಮವ್ವ ಎಲ್ಲಿ ಹಾಡಬೇಕು? ಆ ಹೊಗೆಯ ಒಲೆಯ ಮುಂದೆ, ಹಿಟ್ಟಿನ ಪರಾತದ ಮುಂದೆ, ಸಾಯುವವರೆಗೂ ಅಷ್ಟೇ. ಇದನ್ನು ಅವಳ ಮುಖಕ್ಕೆ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮೊದಲ ಸಾಲು ಬರಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಅಂಗಡಿ ಮುಚ್ಚಿ ಮಧ್ಯಾಹ್ನ ಅವಳನ್ನು ಪಡಸಾಲೆಯಲ್ಲಿ ಕೂರಿಸಿಕೊಳ್ಳುತ್ತಿದ್ದೆ. ದೇವಕ್ಕನ ತವರಿನ ಅಜ್ಜ ಕಟ್ಟಿದ ಪದವನ್ನೇ ಆರಿಸಿದ್ದೆವು, ಏಕೆಂದರೆ ಅದು ಭೀಮವ್ವನಿಗೆ ನಿದ್ದೆಯಲ್ಲೂ ಬರುವ ಪದ. ನಾನೇ ನನ್ನ ಕಾಗೆ ಧ್ವನಿಯಲ್ಲಿ "ಬುತ್ತಿಯ ಬಿಚ್ಚ ತಂಗಿ, ಹೊತ್ತಿಳಿದು ಹೋತಲ್ಲ" ಎಂದರೆ, ಅವಳು ಅದನ್ನೇ ತಿರುಗಿ ಅಂದಾಗ ನನಗೇ ನಾಚಿಕೆಯಾಗುತ್ತಿತ್ತು. ಹಾಗೆ ಹಾಡುತ್ತಿದ್ದಳು. ನಾನು ಸುಮ್ಮನಾದರೆ ಅವಳೂ ಸುಮ್ಮನೆ.

"ಹೇಳವ್ವ!"

"ನೀವು ಹೇಳ್ರಿ, ನಾ ಅಂತೀನಿ."

"ನಾ ಹೇಳಂಗಿಲ್ಲ. ನಿನಗ ಗೊತ್ತಿಲ್ಲೇನು ಸಾಲು?"

"ಗೊತ್ತದರಿ."

"ಮತ್ತ ಹೇಳು."

ಬಾಯಿ ತೆರೆಯುತ್ತಾಳೆ. ಕುತ್ತಿಗೆಯ ನರ ಉಬ್ಬುತ್ತದೆ. ಆಮೇಲೆ ಬಾಯಿ ಮುಚ್ಚಿ, "ಮುಂದ ಯಾರೂ ಇಲ್ಲಂದ್ರ ಪಾವಟಗಿ ಇಲ್ಲದಂಗ ಆಕ್ಕದರಿ, ಕಾಲು ಎಲ್ಲಿ ಇಡಬೇಕು ತಿಳಿಯಂಗಿಲ್ಲ" ಎನ್ನುತ್ತಾಳೆ. ಮೆಟ್ಟಿಲು ನೀನೇ ಕಟ್ಟಿಕೋ ಎಂದು ನಾನು ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಕಣ್ಣು ಮುಚ್ಚಿಸಿದೆ. ಪರಾತ ತಂದಿಟ್ಟು, ರೊಟ್ಟಿ ಬಡಿದ ಹಾಗೆ ಬಡಿಯುತ್ತ ಹಾಡು ಎಂದೆ. ಪರಾತ ಬಡಿದದ್ದೇ ಬಂತು. ಒಲೆಯ ಮುಂದಾದರೆ ಒಬ್ಬಳೇ ಹಾಡುತ್ತೀಯಲ್ಲ ಎಂದು ಕೇಳಿದರೆ, "ಅಲ್ಲಿ ಅಕ್ಕ ಮನಸಿನಾಗ ಹೇಳ್ತಾಳ್ರಿ, ಮಂದಿ ಮುಂದ ಆಕಿ ಧ್ವನಿ ಕೇಳಂಗಿಲ್ಲ" ಎಂದಳು. ಇದಕ್ಕೆ ನಾನು ಏನು ಔಷಧ ಕೊಡಲಿ?

ಉಪಾಯ ಹೇಳಿದವನು ನಸೀರುದ್ದೀನ. ಅವನ ಫೋನಿನಲ್ಲಿ ದೇವಕ್ಕನ ಹಳೆಯ ಹಾಡಿಕೆ ಇತ್ತು. "ವೈನಿ, ಇಯರ್‌ಫೋನ್ ಸೆರಗಿನ್ಯಾಗ ಮುಚ್ಚಿ ಕಿವ್ಯಾಗ ಇಡೋಣ. ಕಿವ್ಯಾಗ ದೇವಕ್ಕ, ಬಾಯಾಗ ಭೀಮವ್ವ. ಯಾರಿಗೂ ಪತ್ತಾ ಹತ್ತಂಗಿಲ್ಲ" ಎಂದ. ನನಗೂ ಖುಷಿಯಾಯಿತು. ಹಚ್ಚಿ ನೋಡಿದೆವು. ಮೊದಲೆರಡು ಸಾಲು ಬಂಗಾರ. ಆಮೇಲೆ ನಾನು ಪೇಟಿಯಲ್ಲಿ ಒಂದು ತಿರುವು ಎಳೆದೆ. ಫೋನಿನ ದೇವಕ್ಕ ಯಾರಿಗೂ ಕಾಯುವವಳಲ್ಲ, ಮುಂದೆ ಓಡಿದಳು. ಭೀಮವ್ವ ಅವಳ ಹಿಂದೆ ಓಡಿದಳು, ನಾನು ಭೀಮವ್ವನ ಹಿಂದೆ. ತಬಲಾ ಎಲ್ಲಿಯೋ ಉಳಿಯಿತು. ಭೀಮವ್ವ ಇಯರ್‌ಫೋನ್ ಕಿತ್ತು ನೆಲಕ್ಕಿಟ್ಟಳು.

"ಇದು ಬ್ಯಾಡ್ರಿ. ಸತ್ತೋರ ಧ್ವನಿ ಕೇಳ್ದಂಗ ಆಕ್ಕದ. ಅಕ್ಕ ಇನ್ನ ಬದುಕ್ಯಾಳ."

ಹಾಗೆಂದವಳು ನೇರ ಎದ್ದು ದೇವಕ್ಕನ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ದೇವಕ್ಕ ಜಗಲಿಯ ಮೇಲೆ ತೊಗರಿ ಆರಿಸುತ್ತ ಕುಳಿತಿದ್ದಳು.

"ಅಕ್ಕ, ಸುಮ್ಮ ಬಂದು ಕುಂದ್ರು. ಮತ್ತೇನೂ ಬ್ಯಾಡ."

ದೇವಕ್ಕ ತಲೆ ಎತ್ತದೆ ಪಿಸುಗುಟ್ಟಿದಳು. "ಬಾಯಿಲ್ಲದಾಕಿ ಬಂದು ಏನ್ ಮಾಡ್ಲಿ? ಮಂದಿ ನೋಡಿ ಅಯ್ಯೋ ಅನ್ಲಿಕ್ಕೇನು?"

"ನೀ ಇಲ್ಲಂದ್ರ ನಂಗ ಬರಂಗಿಲ್ಲ."

"ಬರಂಗಿಲ್ಲಂದ್ರ ಬಿಡು. ಸುರಪುರದವರು ಹಾಡ್ತಾರ."

ಎಂಥ ಹೆಂಗಸರು! ಒಬ್ಬಳು ಧ್ವನಿ ಇದ್ದೂ ಹಾಡುವುದಿಲ್ಲ, ಇನ್ನೊಬ್ಬಳು ಧ್ವನಿ ಇಲ್ಲವೆಂದು ಬರುವುದಿಲ್ಲ. ಇಬ್ಬರಿಗೂ ಕೈ ಮುಗಿದು ನಾನು ಮನೆಗೆ ಬಂದೆ.

ಸೋಮವಾರ ಮಧ್ಯಾಹ್ನ ನಾವು ಪೇಟಿ, ತಬಲಾ ಹೇರಿಕೊಂಡು ಟಂಟಂ ಹತ್ತಿದೆವು. ಹೋಗುವುದು ಮರ್ಯಾದೆ ಕಳೆದುಕೊಳ್ಳಲಿಕ್ಕೇ ಎಂದು ನನಗೆ ಖಾತ್ರಿಯಿತ್ತು. ಗಾಡಿ ಹೊರಡುವಷ್ಟರಲ್ಲಿ ಊರ ಅಗಸಿ ಬಾಗಿಲ ಕಡೆಯಿಂದ ದೇವಕ್ಕ ಬಂದಳು. ಹಸಿರು ಇಳಕಲ್ ಸೀರೆ, ಕುತ್ತಿಗೆಯ ಗಾಯ ಕಾಣದಂತೆ ಸುತ್ತಿದ ಸೆರಗು, ಕೈಯಲ್ಲಿ ತಾಳದ ಚೀಲ. ಯಾರ ಮುಖವನ್ನೂ ನೋಡದೆ ಹತ್ತಿ ಕುಳಿತಳು. ಯಾಕೆ ಬಂದೆ ಎಂದು ಕೇಳುವ ಧೈರ್ಯ ಯಾರಿಗಿತ್ತು?

ಮಠದಲ್ಲಿ ಜನ ತುಂಬಿದ್ದರು. ನಾವು ಹೋಗಿ ಕುಳಿತೆವು. ಅಲ್ಲೇ ಆದದ್ದು ನೋಡಿ ಎಡವಟ್ಟು. ದೇವಕ್ಕ ಅಭ್ಯಾಸಬಲದಿಂದ ಹೋಗಿ ತನ್ನ ಹಳೆಯ ಜಾಗದಲ್ಲಿ, ಮುಂದೆ, ಕುಳಿತಳು. ಭೀಮವ್ವ ಅವಳ ಬೆನ್ನ ಹಿಂದೆ ಕುಳಿತಳು. ಮೈಕಿನವನು ವರ್ಷವೂ ಮಾಡುವ ಹಾಗೆ ಮೈಕನ್ನು ದೇವಕ್ಕನ ಬಾಯಿಯ ಮುಂದೆ ಇಟ್ಟು ಹೋದ. ಇಡೀ ಮೇಳದಲ್ಲಿ ಧ್ವನಿಯೇ ಇಲ್ಲದ ಒಬ್ಬಳ ಮುಂದೆ ಮೈಕು! "ಭೀಮವ್ವ, ಮುಂದ ಬಾ" ಎಂದು ಹಲ್ಲು ಕಡಿದೆ. ಅವಳು ಕಲ್ಲಿನಂತೆ ಕುಳಿತಳು. ಮೈಕಾದರೂ ಸರಿಸೋಣ ಎಂದರೆ ಜಗದೇವಪ್ಪನವರು ಆಗಲೇ "ಶುರು ಮಾಡ್ರಿ" ಎಂದು ಕೈಸನ್ನೆ ಮಾಡಿದರು.

ಏನು ಮಾಡುವುದು? ಮೊದಲ ಸಾಲು ಬಾರಿಸಿದೆ.

ದೇವಕ್ಕ ತಾಳ ತಟ್ಟಿದಳು. ಬಾಯಿ ತೆರೆದಳು. ಮೈಕಿನಿಂದ ಒಂದು ಉಸಿರು ಬಂತು. ಬುತ್ತಿಯ, ಬಿಚ್ಚ, ತಂಗಿ, ಅವಳ ತುಟಿ ಒಂದೊಂದು ಮಾತಿಗೂ ಅಲುಗಿದ್ದನ್ನು ಪಕ್ಕದಲ್ಲಿದ್ದ ನಾನು ಕಂಡೆ. ಜನಕ್ಕೆ ಕೇಳಿಸಿದ್ದು ಪೇಟಿ ಮತ್ತು ತಾಳ ಮಾತ್ರ. ಸಾಲು ಮುಗಿಯಿತು. ಮುಗಿದ ಆ ಜಾಗದಲ್ಲಿ, ಎಷ್ಟೋ ವರ್ಷದಿಂದ ಬರುತ್ತಿದ್ದ ಅದೇ ಜಾಗದಲ್ಲಿ, ಭೀಮವ್ವನ ಧ್ವನಿ ಬಂತು. "ಬುತ್ತಿಯ ಬಿಚ್ಚ ತಂಗಿ, ಹೊತ್ತಿಳಿದು ಹೋತಲ್ಲ." ಮೈಕಿಲ್ಲದೆ ಬಂತು, ಮಠದ ಬಾಗಿಲಾಚೆ ಚಪ್ಪಲಿ ಕಾಯುವವನೂ ತಿರುಗಿ ನೋಡುವಂತೆ ಬಂತು.

ಎರಡನೆಯ ಸಾಲಿಗೂ ಹಾಗೆಯೇ. ಒಂದು ಸಾಲು ಮೂಕ, ಒಂದು ಸಾಲು ಹಾಡು. ಮೈಕಿನವನು ಓಡಿ ಬಂದು ಮೈಕಿನ ತಲೆಗೆ ಟಕಟಕ ಬಡಿದ, ವಯರು ಎಳೆದ, "ಹಲೋ, ಹಲೋ" ಎಂದ. ದೇವಕ್ಕ ಅವನ ಕೈಯನ್ನು ನೊಣ ಓಡಿಸಿದಂತೆ ಸರಿಸಿ ಮುಂದಿನ ಸಾಲಿಗೆ ತುಟಿ ತೆರೆದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟೂ ಬಂತು. ಇದೇನು ಹಾಡುವುದೇ? ಇನ್ನೂ ಅಕ್ಕ ಹೇಳಿದ್ದನ್ನೇ ಅನ್ನುತ್ತಿದ್ದಾಳಲ್ಲ, ಅಕ್ಕನಿಗೆ ಹೇಳಲು ಬಾಯಿಯೇ ಇಲ್ಲದಿದ್ದರೂ! ಆದರೆ ಜನ ಗುಸುಗುಸು ನಿಲ್ಲಿಸಿದ್ದರು. ಮುಂದಿದ್ದ ಒಬ್ಬ ಮುದುಕಿ ಮೂಕ ಸಾಲುಗಳಿಗೇ ತಲೆದೂಗುತ್ತಿದ್ದಳು.

ಹೀಗೇ ನಡೆದು ಕೊನೆಯ ನುಡಿಗೆ ಬಂದೆವು. ಕೊನೆಯ ಸಾಲು! ಮುಂದೆ ಕುಳಿತವಳು ಒಬ್ಬಳೇ ಹೇಳುವ ಸಾಲು, ಹಿಮ್ಮೇಳ ತಿರುಗಿ ಅನ್ನದ ಸಾಲು. ದೇವಕ್ಕ ತುಟಿ ಅಲುಗಿಸುತ್ತಾಳೆ, ಭೀಮವ್ವ ಕೈ ಮುಗಿದು ಸುಮ್ಮನಾಗುತ್ತಾಳೆ, ಅಲ್ಲಿಗೆ ಪದ ಗಾಳಿಯಲ್ಲಿ ಮುಗಿಯುತ್ತದೆ. ಇಷ್ಟು ದಿನ ಮೊದಲ ಸಾಲಿಗೆ ಬಡಿದಾಡಿದೆವು, ಇದೊಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಪೇಟಿಯಲ್ಲಿ ಸಾಲು ಬಾರಿಸಿದೆ. ದೇವಕ್ಕನ ಕಡೆ ನೋಡಿದೆ. ಅವಳ ತುಟಿ ಅಲುಗಲಿಲ್ಲ.

ಅವಳು ತಾಳವನ್ನು ಕೆಳಗಿಟ್ಟಿದ್ದಳು. ಎರಡೂ ಕೈ ಮುಗಿದಿದ್ದಳು. ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ನಮ್ಮ ಮೇಳದಲ್ಲಿ ಹಾಗೆ ಕೂರುವವರು ಯಾರೆಂದು ನನಗೆ ಗೊತ್ತು, ನಸೀರುದ್ದೀನನಿಗೆ ಗೊತ್ತು, ಭೀಮವ್ವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಮತ್ತೆ ಬಾರಿಸಿದೆ. ಮತ್ತೆ ಯಾದಗಿರಿಯೇ ಆಯಿತಲ್ಲಪ್ಪ ಎಂದುಕೊಂಡೆ. ಭೀಮವ್ವ ಕೈ ಚಾಚಿ ದೇವಕ್ಕನ ಬೆನ್ನು ಮುಟ್ಟಿದಳು. "ಅಕ್ಕ" ಎಂದಳು. ದೇವಕ್ಕ ತಿರುಗಲಿಲ್ಲ. ಇನ್ನೊಮ್ಮೆ "ಅಕ್ಕ" ಎಂದಾಗ ಅದು ಅಳುವಿನಂತೆ ಕೇಳಿಸಿತು. ಮುಗಿದ ಕೈಗಳು ಅಲ್ಲಾಡಲಿಲ್ಲ.

ಆಗ ಭೀಮವ್ವ ಹಾಡಿದಳು. "ಗುಡ್ಡದ ಗುರುಲಿಂಗ ಹಾದಿ ಕಾಯತಾನ, ಏಳ ತಂಗಿ ನಡಿಯ." ಧ್ವನಿ ಒಡೆದಿತ್ತು. ತಾಳ ತಪ್ಪಿತು. ಗುರುಲಿಂಗ ಎನ್ನುವಲ್ಲಿ ಉಸಿರು ಸಾಲದೆ ನಿಂತು ಮತ್ತೆ ಹಿಡಿದಳು. ಆ ಸಂಜೆ ಅವಳು ಹಾಡಿದ್ದರಲ್ಲೆಲ್ಲ ಅತಿ ಕೆಟ್ಟ ಸಾಲು ಅದೇ. ಅದನ್ನು ಯಾರೂ ತಿರುಗಿ ಅನ್ನಲಿಲ್ಲ. ಅನ್ನಬಾರದು, ಅದು ಕಟ್ಟುನಿಟ್ಟು.

ಸೇವೆ ಮುಗಿದ ಮೇಲೆ ಜಗದೇವಪ್ಪನವರು ಪ್ರಸಾದ ಹಿಡಿದುಕೊಂಡು ಬಂದರು.

"ಮೈಕು ಕೈ ಕೊಟ್ಟುಬಿಡ್ತು ನೋಡ್ರಿ, ಅರ್ಧಕ್ಕರ್ಧ ಹಾಡು ಕೇಳಲೇ ಇಲ್ಲ. ಮುಂದಿನ ವರ್ಷ ಛಲೋ ಮೈಕು ತರಸ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಮೈಕಲ್ಲ ಮಾರಾಯರೇ ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು. ನಸೀರುದ್ದೀನ ನನ್ನ ಕಾಲು ತುಳಿದ. ಮುಂದಿನ ವರ್ಷ ಎಂದರಲ್ಲ, ಸಾಕು ಎಂದು ಪ್ರಸಾದ ಬಾಯಿಗೆ ಹಾಕಿಕೊಂಡೆ.

ಟಂಟಂನಲ್ಲಿ ಭೀಮವ್ವ ಸಿಟ್ಟಿನಿಂದ ಕುದಿಯುತ್ತಿದ್ದಳು. "ಹಿಂಗ ಮಾಡಬಾರದಿತ್ತು ಅಕ್ಕ. ಮಂದ್ಯಾಗ ನನ್ನ ಒಬ್ಬಾಕಿನ್ನ ಬಿಟ್ಟಿ" ಎಂದಳು. ದೇವಕ್ಕ ಸೆರಗು ಸರಿಮಾಡಿಕೊಂಡು ಹೊರಗೆ ನೋಡಿದಳು. ನನ್ನ ಹಣೆಬರಹಕ್ಕೆ ಸಿಕ್ಕವರು ಇಂಥವರು.

ಗುರುವಾರ ನಾನು ಪೇಟಿ ಬಿಚ್ಚುವ ಮೊದಲೇ ದೇವಕ್ಕ ಬಂದಿದ್ದಳು. ಹಿಂದೆ, ನಮ್ಮ ಪಡಸಾಲೆಯ ಕಂಬದ ಪಕ್ಕ, ಭೀಮವ್ವನ ಜಾಗದಲ್ಲಿ ಕುಳಿತಿದ್ದಳು. ಭೀಮವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ನೋಡಿ ನಿಂತಳು.

"ಅಕ್ಕ, ಅದು ನನ್ನ ಜಾಗ."

"ಗೊತ್ತದ" ಎಂದಳು ದೇವಕ್ಕ, ಆ ಗಾಳಿಯಂಥ ಧ್ವನಿಯಲ್ಲಿ. "ಇಷ್ಟ್ ವರ್ಷ ನೀನೇ ಕುಂತಿ. ಇನ್ನ ನಂಗ ಬಿಡು."

ಭೀಮವ್ವ ಬಹಳ ಹೊತ್ತು ನಿಂತೇ ಇದ್ದಳು. ನಾನು ಬೈಯಲು ಬಾಯಿ ತೆರೆದಾಗ ಬಂದು ಮುಂದೆ ಕುಳಿತಳು. ಸಾಲು ಬಾರಿಸಿದೆ, ಬರಲಿಲ್ಲ. ಬೈದೆ. ಮತ್ತೆ ಬಾರಿಸಿದೆ. ಪೇಟಿಗಿಂತ ಹಿಂದೆ ಬಿದ್ದು, ಶ್ರುತಿ ಹುಡುಕಿಕೊಂಡು, ತಿರುಗಿ ತಿರುಗಿ ಕಂಬದ ಕಡೆ ನೋಡುತ್ತ, ಮೊದಲ ಸಾಲನ್ನು ಹೇಳಿದಳು. ಅದು ಮುಗಿದ ಜಾಗದಲ್ಲಿ ಹಿಂದಿನಿಂದ ಬೇರೆ ಧ್ವನಿ ಬರಲಿಲ್ಲ. ದೇವಕ್ಕನ ತುಟಿ ಅಲುಗುತ್ತಿತ್ತು, ಭೀಮವ್ವ ಹೇಳಿದ್ದನ್ನೇ ತಿರುಗಿ ಅನ್ನುತ್ತಿತ್ತು.